ಡಿಸ್ಕ್ ತುಂಬಿದ ರಾತ್ರಿ ಬಂದ ಮೇಲ್ ಎಲ್ಲಿ ಹೋಯಿತು?

ಸರ್ವರ್ ಕೋಣೆ: ಓದುಗರ ಪ್ರಶ್ನೆ, ಉತ್ತರ

ಕಳೆದ ಸಂಚಿಕೆಯಲ್ಲಿ ಬ್ಯಾಕಪ್ ಕುರಿತು ಬರೆದ ಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೇಲ್ ಸರ್ವರ್ ಬಗ್ಗೆಯೇ ಇವೆ. ಡಿಸ್ಕ್ ತುಂಬಿದೆ, ಮೆಮೊರಿ ಸಾಲುತ್ತಿಲ್ಲ, ಸ್ವಾಪ್ (ಮೆಮೊರಿ ಸಾಲದಾಗ ಡಿಸ್ಕ್‌ನಲ್ಲಿ ಬಳಸುವ ಜಾಗ) ಎಷ್ಟಿಡಬೇಕು ಎಂಬ ಪ್ರಶ್ನೆಗಳು. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಬರೆದವರಲ್ಲಿ ಬಹುತೇಕರು ನನ್ನ ಹಾಗೆ ಲಿನಕ್ಸ್ ಮೇಲೆ ಪೋಸ್ಟ್‌ಫಿಕ್ಸ್ (ಮೇಲ್ ಕಳಿಸುವ, ಬರಮಾಡಿಕೊಳ್ಳುವ ಪ್ರೋಗ್ರಾಂ) ಮತ್ತು ಡವ್‌ಕಾಟ್ (ಮೇಲ್‌ಬಾಕ್ಸ್ ನೋಡಿಕೊಳ್ಳುವ ಪ್ರೋಗ್ರಾಂ) ನಡೆಸುವವರು. ಉತ್ತರಗಳೂ ಅವಕ್ಕೆ ಹೊಂದುವಂಥವೇ. ಕಮಾಂಡ್‌ಗಳನ್ನು ನಾವು ಫೋನಿನಲ್ಲಿ ಒಬ್ಬರಿಗೊಬ್ಬರು ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮದು ಪತ್ತಿನ ಸಹಕಾರ ಸಂಘ. ಎಂಬತ್ತು ಮೇಲ್ ಖಾತೆಗಳಿವೆ. ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಶನಿವಾರ ಸಂಜೆಯಿಂದ ಒಂದೂ ಮೇಲ್ ಬಂದಿಲ್ಲ. ಲಾಗ್ (ಸರ್ವರ್ ತನ್ನ ಕೆಲಸ ಬರೆದಿಡುವ ಫೈಲ್) ತೆರೆದರೆ ‘452 4.3.1 ಇನ್‌ಸಫಿಶಿಯೆಂಟ್ ಸಿಸ್ಟಂ ಸ್ಟೋರೇಜ್’ ಎಂದು ಸಾಲುಗಟ್ಟಿ ನಿಂತಿದೆ. ಆ ಲಾಗ್ ಫೈಲೇ 30 ಜಿಬಿ ದಾಟಿತ್ತು, ಅದನ್ನು ಅಳಿಸಿದೆ. ಆದರೂ ಡಿಸ್ಕ್ ನೂರಕ್ಕೆ ನೂರು ತುಂಬಿದೆ ಎಂದೇ ತೋರಿಸುತ್ತಿದೆ. ಎರಡು ದಿನದ ಮೇಲ್‌ಗಳು ಹೋದವೇ? ಇನ್ನೇನು ಅಳಿಸಲಿ?
— ಸಂಘದ ಕಂಪ್ಯೂಟರ್ ನೋಡಿಕೊಳ್ಳುವವರು, ಹಾವೇರಿ

ಉತ್ತರ: ಇನ್ನೇನೂ ಅಳಿಸಬೇಡಿ. ಇವರ ಪತ್ರ ಬಂದ ದಿನವೇ ಫೋನ್ ಮಾಡಿ ಮೊದಲು ಹೇಳಿದ ಮಾತು ಇದೇ. ಉಳಿದದ್ದನ್ನು ಎಲ್ಲರಿಗೂ ತಿಳಿಯಲಿ ಎಂದು ಇಲ್ಲಿ ವಿವರವಾಗಿ ಬರೆಯುತ್ತೇನೆ.

ಮೇಲ್‌ಗಳು ಹೋಗಿರಲಿಲ್ಲ. 452 ಎಂದರೆ ‘ಬರಬೇಡ’ ಎಂದಲ್ಲ, ‘ಈಗ ಜಾಗವಿಲ್ಲ, ಆಮೇಲೆ ಬಾ’ ಎಂದು. 1982ರಲ್ಲಿ ಎಸ್‌ಎಂಟಿಪಿ (ಸರ್ವರ್‌ಗಳು ಮೇಲ್ ಸಾಗಿಸುವ ಪದ್ಧತಿ) ನಿಯಮ ಬರೆದಾಗಲೇ ಈ ಸಂಖ್ಯೆ ಅದರಲ್ಲಿತ್ತು. ನಾಲ್ಕರಿಂದ ಶುರುವಾಗುವ ಉತ್ತರ ಸಿಕ್ಕರೆ ಕಳಿಸಿದ ಕಡೆಯ ಸರ್ವರ್ ಆ ಮೇಲನ್ನು ತನ್ನ ಕ್ಯೂನಲ್ಲೇ (ಸರದಿಯಲ್ಲೇ) ಇಟ್ಟುಕೊಂಡು ಮತ್ತೆ ಮತ್ತೆ ಬಂದು ಕೇಳಬೇಕು. ಐದರಿಂದ ಶುರುವಾದರೆ ಮಾತ್ರ ಕಳಿಸಿದವರಿಗೆ ವಾಪಸ್ ಮಾಡುತ್ತದೆ. ಎಷ್ಟು ದಿನ ಕಾಯಬೇಕು ಅಂದರೆ, ಈಗಿನ ನಿಯಮದ ಪ್ರಕಾರ ಕನಿಷ್ಠ 4–5 ದಿನ. ಪೋಸ್ಟ್‌ಫಿಕ್ಸ್‌ನಲ್ಲಿ ನಾವು ಬದಲಾಯಿಸದಿದ್ದರೆ 5 ದಿನ. ಶನಿವಾರ ಸಂಜೆ ನಿಂತದ್ದಕ್ಕೆ ಬುಧವಾರದವರೆಗೆ ಧೈರ್ಯವಾಗಿರಬಹುದಿತ್ತು. ಹೊತ್ತು ಮೀರಿ ಬಂದ ಒಟಿಪಿಗಳು ಉಪಯೋಗಕ್ಕೆ ಬಾರವು. ಉಳಿದ ಪತ್ರಗಳು ಎಲ್ಲೋ ದೂರದ ಡಿಸ್ಕ್‌ಗಳಲ್ಲಿ ಸುರಕ್ಷಿತವಾಗಿ ಕೂತಿದ್ದವು.

ಪೋಸ್ಟ್‌ಫಿಕ್ಸ್ ಈ ವಿಷಯದಲ್ಲಿ ಮುಂಜಾಗ್ರತೆಯ ಪ್ರೋಗ್ರಾಂ. ಜಾಗ ಸೊನ್ನೆಗೆ ಬರುವವರೆಗೆ ಕಾಯುವುದಿಲ್ಲ. ಕ್ಯೂ ಇರುವ ಡಿಸ್ಕ್‌ನಲ್ಲಿ ಖಾಲಿ ಜಾಗ ‘ಮೆಸೇಜ್ ಸೈಜ್ ಲಿಮಿಟ್’ನ ಒಂದೂವರೆ ಪಟ್ಟಿಗಿಂತ ಕಡಿಮೆಯಾದ ತಕ್ಷಣ ಹೊಸ ಮೇಲ್ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತದೆ. ಮೂಲದಲ್ಲಿ ಆ ಮಿತಿ 1,02,40,000 ಬೈಟ್, ಅಂದರೆ ಸುಮಾರು 15 ಎಂಬಿ ಉಳಿದಾಗ ಬಾಗಿಲು ಹಾಕುತ್ತದೆ. ದೊಡ್ಡ ಅಟ್ಯಾಚ್‌ಮೆಂಟ್ ಬರಲಿ ಎಂದು ನೀವು ಮಿತಿಯನ್ನು 50 ಎಂಬಿಗೆ ಏರಿಸಿದ್ದರೆ 75 ಎಂಬಿ ಇರುವಾಗಲೇ ಹಾಕುತ್ತದೆ. ಅರ್ಧ ಬರೆದ ಮೇಲ್ ಡಿಸ್ಕ್‌ನಲ್ಲಿ ಉಳಿಯದಿರಲಿ ಎಂದೇ ಈ ಏರ್ಪಾಡು.

ಹಾಗಾದರೆ ಪೋಸ್ಟ್‌ಫಿಕ್ಸ್‌ಗೆ ಇಲ್ಲದ ಜಾಗ ಲಾಗ್‌ಗೆ ಎಲ್ಲಿಂದ ಬಂತು ಎಂದು ಹಾವೇರಿಯವರು ಫೋನಿನಲ್ಲಿ ಕೇಳಿದರು. ಒಳ್ಳೆಯ ಪ್ರಶ್ನೆ. ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಇಎಕ್ಸ್‌ಟಿ4 ಫೈಲ್‌ಸಿಸ್ಟಂ ನೂರಕ್ಕೆ 5 ಭಾಗವನ್ನು ರೂಟ್‌ಗೆಂದು (ಎಲ್ಲ ಅಧಿಕಾರವಿರುವ ಖಾತೆಗೆಂದು) ಮೀಸಲಿಡುತ್ತದೆ. ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ ಲಾಗ್ ಬರೆಯುವ ಪ್ರೋಗ್ರಾಂ ಆರ್‌ಸಿಸ್‌ಲಾಗ್ ರೂಟ್ ಆಗಿಯೇ ಓಡುತ್ತದೆ. ಬೇರೆಯವರ ಪಾಲು ಮುಗಿದ ಮೇಲೂ ಅದು ಮೀಸಲಿನ ಜಾಗ ಉಣ್ಣುತ್ತಾ ಹೋಗುತ್ತದೆ.

ಇನ್ನು 30 ಜಿಬಿ ಅಳಿಸಿದರೂ ಜಾಗ ಏಕೆ ಬರಲಿಲ್ಲ ಎಂಬುದು. ಲಿನಕ್ಸ್‌ನಲ್ಲಿ ಫೈಲ್ ಅಳಿಸುವುದೆಂದರೆ ಪಹಣಿಯಿಂದ ಹೆಸರು ತೆಗೆದ ಹಾಗೆ. ಜಮೀನಿನಲ್ಲಿ ಉಳುವವನು ಇನ್ನೂ ಉಳುತ್ತಿದ್ದರೆ ಜಮೀನು ಖಾಲಿಯಾಗುವುದಿಲ್ಲ. ಆರ್‌ಸಿಸ್‌ಲಾಗ್ ಆ ಫೈಲನ್ನು ತೆರೆದು ಹಿಡಿದುಕೊಂಡಿದೆ. ಹೆಸರು ಹೋಯಿತು, ಆದರೆ ಅದು ಕೈಬಿಡುವವರೆಗೆ ಒಂದು ಬೈಟೂ ವಾಪಸ್ ಬರದು. ‘ಡಿಯು’ ಎಣಿಸುವುದು ಹೆಸರಿರುವ ಫೈಲ್‌ಗಳನ್ನು, ‘ಡಿಎಫ್’ ಕೇಳುವುದು ಫೈಲ್‌ಸಿಸ್ಟಂನ ಲೆಕ್ಕವನ್ನು. ಎರಡರ ನಡುವೆ ಇಪ್ಪತ್ತು, ಮೂವತ್ತು ಜಿಬಿ ವ್ಯತ್ಯಾಸ ಕಂಡರೆ ಇಂಥದ್ದೇ ಹೆಸರಿಲ್ಲದ ಫೈಲ್ ಇದೆ ಎಂದು ತಿಳಿಯಿರಿ.

ಇದನ್ನು ನಾನು ಕಲಿತದ್ದು ಬಹಳ ಬೆಲೆ ತೆತ್ತು. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಧಾರವಾಡದ ಒಂದು ಕಾಲೇಜು, ಜೂನ್ ತಿಂಗಳು, ಪ್ರವೇಶದ ಗದ್ದಲ. ರಾತ್ರಿ ಹತ್ತರ ಹೊತ್ತಿಗೆ ಡಿಸ್ಕ್ ತುಂಬಿತು. ಸರ್ವರ್ ಕೋಣೆಯಲ್ಲಿ ನಾನೊಬ್ಬಳೇ. ಹೊರಗೆ ಮಳೆ, ಕರೆಂಟ್ ಹೋಗಿ ಬಂದು ಮಾಡುತ್ತಿತ್ತು, ಯುಪಿಎಸ್ ಕೂಗುತ್ತಿತ್ತು. ಮೇಲ್ ಲಾಗ್ ಅಳಿಸಿದೆ. ನೂರಕ್ಕೆ ನೂರು ಹಾಗೇ ನಿಂತಿತು. ಹಳೆಯ ಲಾಗ್‌ಗಳೆಲ್ಲ ಹೋದವು, ತೊಂಬತ್ತೊಂಬತ್ತಕ್ಕೆ ಬಂದು ಐದೇ ನಿಮಿಷದಲ್ಲಿ ಮತ್ತೆ ನೂರು. ಆಗ ‘ಹಳೆಯದು’ ಎಂಬ ಹೆಸರಿನ ಒಂದು ಫೋಲ್ಡರ್ ಕಣ್ಣಿಗೆ ಬಿತ್ತು. ಅದನ್ನೂ ಅಳಿಸಿಬಿಟ್ಟೆ. ಕೊನೆಗೆ ಸರ್ವರ್ ರೀಬೂಟ್ ಮಾಡಿದಾಗ 38 ಜಿಬಿ ಒಮ್ಮೆಲೇ ಖಾಲಿಯಾಗಿ ಕಂಡಿತು. ಲಾಗ್ ಫೈಲಿನ ಜಾಗ ಅದು, ಮೊದಲನೆಯ ಅಳಿಸುವಿಕೆಯದು. ಅಷ್ಟರಲ್ಲಿ ಆ ‘ಹಳೆಯದು’ ಹೋಗಿಯಾಗಿತ್ತು. ಅದರಲ್ಲಿ ಕಚೇರಿಯ ಎರಡು ವರ್ಷದ ಕಳಿಸಿದ ಮೇಲ್‌ಗಳಿದ್ದವು. ಮರುದಿನ ಸೂಪರಿಂಟೆಂಡೆಂಟರ ಮುಂದೆ ನಿಂತು ಹೇಳಿದೆ. ನಿವೃತ್ತಿಗೆ ಎಂಟು ತಿಂಗಳಿದ್ದ ಹಿರಿಯರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಾನ್ಯತಾದ್ದು ಅಷ್ಟು ಪ್ರಿಂಟ್ ತಗದು ಫೈಲಿಗೆ ಹಚ್ಚೇನಿ ತಂಗಿ, ಉಳಿದದ್ದು ಹೋತು’ ಅಂದರು. ಬೈಯಲಿಲ್ಲ. ಅಳಿಸುವ ಮೊದಲು ‘ಇದನ್ನು ಯಾರು ಹಿಡಿದಿದ್ದಾರೆ, ಇದು ಯಾರದು’ ಎಂದು ಕೇಳುವ ಅಭ್ಯಾಸ ನನಗೆ ಬಂದದ್ದು ಅಂದಿನಿಂದ.

ಈಗ ಮಾಡಬೇಕಾದದ್ದು. ರೂಟ್ ಆಗಿ ‘ಎಲ್‌ಎಸ್‌ಒಎಫ್ ಪ್ಲಸ್ ಎಲ್ 1’ ಕೊಡಿ, ಎಲ್ ದೊಡ್ಡಕ್ಷರ. ಹೆಸರು ಕಳೆದುಕೊಂಡರೂ ತೆರೆದಿರುವ ಫೈಲ್‌ಗಳು, ಅವುಗಳ ಗಾತ್ರ, ಹಿಡಿದಿರುವ ಪ್ರೋಸೆಸ್ ಎಲ್ಲ ಬರುತ್ತದೆ. ಹಾವೇರಿಯಲ್ಲಿ ನಿರೀಕ್ಷೆಯಂತೆ ಆರ್‌ಸಿಸ್‌ಲಾಗ್ ಬಂತು. ಅದಕ್ಕೆ ಹಪ್ ಸಿಗ್ನಲ್ ಕಳಿಸಿದರೆ ಸಾಕು, ಹಳೆಯದನ್ನು ಬಿಟ್ಟು ಹೊಸ ಫೈಲ್ ತೆರೆಯುತ್ತದೆ. ರೀಬೂಟ್ ಬೇಕಿಲ್ಲ. ಇನ್ನು ಮುಂದೆ ಬೆಳೆದ ಲಾಗನ್ನು ಅಳಿಸುವ ಬದಲು ‘ಟ್ರಂಕೇಟ್ ಹೈಫನ್ ಎಸ್ 0’ ಎಂದು ಬರಿದು ಮಾಡಿ. ಫೈಲ್ ಹಾಗೇ ಇರುತ್ತದೆ, ಜಾಗ ಆ ಕ್ಷಣವೇ ಬರುತ್ತದೆ. ಆದರೆ ಬರಿದು ಮಾಡುವ ಮೊದಲು ಕೊನೆಯ ಎರಡು ಸಾವಿರ ಸಾಲುಗಳನ್ನು ಬೇರೆ ಕಡೆ ತೆಗೆದಿಡಿ. ರೋಗ ಏನೆಂದು ಅವೇ ಹೇಳಬೇಕು.

ಅವರ ಲಾಗ್ 30 ಜಿಬಿ ಆದದ್ದಕ್ಕೆ ಕಾರಣವೂ ಲಾಗಿನ ಸಾಲುಗಳಲ್ಲೇ ಸಿಕ್ಕಿತು. ಯಾರೋ ಲಾಗಿನ್ ತೊಂದರೆ ಹುಡುಕಲು ಡವ್‌ಕಾಟ್‌ನ ‘ಆಥ್ ಡೀಬಗ್’ ಮತ್ತು ‘ಮೇಲ್ ಡೀಬಗ್’ ಎರಡನ್ನೂ ಆನ್ ಮಾಡಿ ಮರೆತಿದ್ದರು. ಜೊತೆಗೆ ಅದು ಹಳೆಯ ಡೆಬಿಯನ್. ಅದರಲ್ಲಿ ‘ಮೇಲ್ ಡಾಟ್ ಲಾಗ್’ಗೆ ಹೋದ, ಡೀಬಗ್ ಬಿಟ್ಟು ಉಳಿದ ಸಾಲುಗಳೇ ‘ಮೇಲ್ ಡಾಟ್ ಇನ್ಫೋ’ಗೂ ಹೋಗುತ್ತವೆ. ಒಂದೇ ಮಾತನ್ನು ಎರಡು ಸಲ ಬರೆದಿಡುವ ವ್ಯವಸ್ಥೆ. ಎರಡನೆಯದನ್ನು ನಿಲ್ಲಿಸಿದೆವು. ಹಳೆಯ ಲಾಗ್ ಬದಿಗಿಟ್ಟು ಹೊಸದು ಶುರು ಮಾಡುವ ಲಾಗ್‌ರೊಟೇಟ್ ವಾರಕ್ಕೊಮ್ಮೆ ಇದ್ದದ್ದನ್ನು ದಿನಕ್ಕೊಮ್ಮೆ ಮಾಡಿ, ಗಾತ್ರದ ಮಿತಿಯನ್ನೂ ಹಾಕಿದೆವು.

ಮರುದಿನ ಅವರು ಬರೆದರು: ಮಧ್ಯಾಹ್ನ ಮೂರರಿಂದ ಶುರುವಾಗಿ ಸಂಜೆವರೆಗೆ ಶನಿವಾರದ ಮೇಲ್‌ಗಳು ಒಂದೊಂದಾಗಿ ಬಂದವಂತೆ.

ಪ್ರಶ್ನೆ: ಬಾಡಿಗೆ ಸರ್ವರ್, 2 ಜಿಬಿ ಮೆಮೊರಿ, 40 ಜಿಬಿ ಡಿಸ್ಕ್, ಅದರಲ್ಲಿ 11 ಜಿಬಿ ಖಾಲಿ. ಸ್ವಾಪ್ ಇಲ್ಲ. ಹೆಚ್ಚು ಕಡಿಮೆ ದಿನಕ್ಕೊಮ್ಮೆ ಕ್ಲಾಮ್‌ಡಿ (ವೈರಸ್ ತಪಾಸಣೆಯ ಪ್ರೋಗ್ರಾಂ) ತಾನಾಗಿ ಸಾಯುತ್ತದೆ. ಆಮೇಲೆ ಯಾವ ಮೇಲೂ ಇನ್‌ಬಾಕ್ಸ್ ಸೇರುವುದಿಲ್ಲ, ರೀಸ್ಟಾರ್ಟ್ ಮಾಡಿದರೆ ಎಲ್ಲ ಒಟ್ಟಿಗೆ ಬರುತ್ತವೆ. 8 ಜಿಬಿ ಸ್ವಾಪ್ ಹಾಕು, ಸರಿಹೋಗುತ್ತೆ ಅನ್ನುತ್ತಾನೆ ಗೆಳೆಯ. ಹಾಕಲೇ?
— ಮುದ್ರಣಾಲಯ ನಡೆಸುವವರು, ಮೈಸೂರು

ಉತ್ತರ: ಸ್ವಾಪ್ ಹಾಕಿ, ಆದರೆ 8 ಬೇಡ, 2 ಸಾಕು. ಅದಕ್ಕೂ ಮೊದಲು ಸತ್ತದ್ದು ಹೇಗೆ ಎಂದು ನೋಡೋಣ.

‘ಡಿಮೆಸೇಜ್’ ಕೊಟ್ಟು ಕೊನೆಯ ಭಾಗ ಓದಿ. ‘ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೋಸೆಸ್’ ಎಂದು ಕ್ಲಾಮ್‌ಡಿಯ ಹೆಸರಿರುತ್ತದೆ. ಅದು ತಾನಾಗಿ ಸಾಯುತ್ತಿಲ್ಲ. ಮೆಮೊರಿ ಪೂರ್ತಿ ಮುಗಿದಾಗ ಲಿನಕ್ಸ್‌ನ ತಿರುಳಾದ ಕರ್ನಲ್ ಉಳಿದವರನ್ನು ಬದುಕಿಸಲು ಒಬ್ಬರನ್ನು ಆರಿಸಿ ಕೊಲ್ಲುತ್ತದೆ. ಸಾಮಾನ್ಯವಾಗಿ ಅದು ಆರಿಸುವುದು ಎಲ್ಲರಿಗಿಂತ ಹೆಚ್ಚು ಮೆಮೊರಿ ಹಿಡಿದವರನ್ನು.

ದಿನಕ್ಕೊಮ್ಮೆ ಏಕೆ? ಕ್ಲಾಮ್‌ಡಿ ಸೇರಿರುವ ಕ್ಲಾಮ್‌ಎವಿ ತನ್ನ ವೈರಸ್ ಗುರುತುಗಳನ್ನೆಲ್ಲ ಮೆಮೊರಿಯಲ್ಲೇ ಹರಡಿಕೊಂಡು ಕೂರುತ್ತದೆ. ಅದಕ್ಕೇ 1 ಜಿಬಿಗಿಂತ ಹೆಚ್ಚು ಬೇಕು. ಫ್ರೆಶ್‌ಕ್ಲಾಮ್ ಹೊಸ ಪಟ್ಟಿ ತಂದಾಗ ಕ್ಲಾಮ್‌ಡಿ ಹಳೆಯದನ್ನು ಬಿಡುವ ಮೊದಲು ಹೊಸದನ್ನು ಪಕ್ಕದಲ್ಲಿ ತುಂಬಿಸಿಕೊಳ್ಳುತ್ತದೆ. ತಪಾಸಣೆ ಒಂದು ಕ್ಷಣವೂ ನಿಲ್ಲದಿರಲಿ ಎಂದು ಹಾಗೆ. ಆ ಒಂದೆರಡು ನಿಮಿಷ ಎರಡೂ ಪ್ರತಿ ಮೆಮೊರಿಯಲ್ಲಿ ಇರಬೇಕು. 2 ಜಿಬಿ ಯಂತ್ರದಲ್ಲಿ ಅದು ನಡೆಯದ ಮಾತು. ದಿನದ ಪಟ್ಟಿ ಬರುವ ಹೊತ್ತಿಗೂ ಕ್ಲಾಮ್‌ಡಿ ಸಾಯುವ ಹೊತ್ತಿಗೂ ತಾಳೆ ನೋಡಿ. ಫ್ರೆಶ್‌ಕ್ಲಾಮ್ ಲಾಗಿನಲ್ಲಿ ಸಿಗುತ್ತದೆ.

ಕ್ಲಾಮ್‌ಡಿ ಸೆಟ್ಟಿಂಗ್ ಫೈಲಿನಲ್ಲಿ ‘ಕನ್‌ಕರೆಂಟ್ ಡೇಟಾಬೇಸ್ ರೀಲೋಡ್’ ಎಂಬ ಸಾಲಿದೆ. ಅದನ್ನು ‘ನೋ’ ಮಾಡಿ. ಆಗ ಹಳೆಯದನ್ನು ಬಿಟ್ಟು ಹೊಸದನ್ನು ತುಂಬಿಸಿಕೊಳ್ಳುತ್ತದೆ. ಆ ಹೊತ್ತು ಬಂದ ಮೇಲ್ ಸ್ವಲ್ಪ ಕಾಯಬೇಕಾಗುತ್ತದೆ. ಮುದ್ರಣಾಲಯದ ಮೇಲ್‌ಗೆ ಒಂದು ನಿಮಿಷ ತಡವಾದರೆ ನಷ್ಟವಿಲ್ಲ.

ಮೇಲನ್ನು ವೈರಸ್, ಸ್ಪ್ಯಾಮ್ ತಪಾಸಣೆಗೆ ಒಪ್ಪಿಸುವ ಅಮಾವಿಸ್ ಇದ್ದರೆ ಅದರ ‘ಮ್ಯಾಕ್ಸ್ ಸರ್ವರ್ಸ್’ ಎಷ್ಟಿದೆ ನೋಡಿ. ಮೂಲದಲ್ಲಿ 2. ಮೇಲ್ ನಿಧಾನವಾಯಿತೆಂದು ಅದನ್ನು 8ಕ್ಕೆ, 10ಕ್ಕೆ ಏರಿಸಿದವರನ್ನು ಬಹಳ ನೋಡಿದ್ದೇನೆ. ಒಂದೊಂದೂ ಸ್ಪ್ಯಾಮ್ ನಿಯಮಗಳನ್ನೆಲ್ಲ ಹೊತ್ತ ಪರ್ಲ್ ಪ್ರೋಸೆಸ್, ನೂರು ಎಂಬಿಯ ಆಸುಪಾಸು ಕೇಳುತ್ತದೆ. ವೇಗಕ್ಕೆಂದು ಮಾಡಿದ್ದೇ ಮೆಮೊರಿ ಮುಗಿಸಿ ಇನ್ನಷ್ಟು ನಿಧಾನ ಮಾಡುತ್ತದೆ. 2ಕ್ಕೆ ಇಳಿಸಿ, ಪೋಸ್ಟ್‌ಫಿಕ್ಸ್‌ನ ಮಾಸ್ಟರ್ ಫೈಲಿನಲ್ಲೂ ಅದೇ ಸಂಖ್ಯೆ ಇರಲಿ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯವೆನಿಸಿದ್ದು ಇನ್ನೊಂದು ಸಾಲು: ‘ರೀಸ್ಟಾರ್ಟ್ ಮಾಡಿದರೆ ಎಲ್ಲ ಒಟ್ಟಿಗೆ ಬರುತ್ತವೆ’. ತಪಾಸಣೆ ಮಾಡುವವನೇ ಇಲ್ಲದಾಗ ಅಮಾವಿಸ್ ‘451’ ಅನ್ನುತ್ತದೆ, ಪೋಸ್ಟ್‌ಫಿಕ್ಸ್ ಮೇಲನ್ನು ‘ಡಿಫರ್ಡ್’ ಕ್ಯೂಗೆ ಹಾಕಿಟ್ಟುಕೊಳ್ಳುತ್ತದೆ. ಕ್ಯೂ ಇರುವುದು ಡಿಸ್ಕ್ ಮೇಲೆ. ನೀವು ಮೂರು ದಿನ ಊರಲ್ಲಿಲ್ಲದಿದ್ದರೆ, ಮುದ್ರಣಕ್ಕೆ ಬಂದ ಭಾರಿ ಪಿಡಿಎಫ್‌ಗಳೆಲ್ಲ ಅಲ್ಲೇ ಪೇರಿಸಿಕೊಂಡು ಆ 11 ಜಿಬಿಯೂ ಮುಗಿಯುತ್ತದೆ. ಮೆಮೊರಿಯ ರೋಗ ಡಿಸ್ಕ್‌ನ ರೋಗವಾಗಿ ಕಾಣಿಸಿಕೊಳ್ಳುವುದು ಹೀಗೆ. ಗೆಳೆಯರ ಮಾತು ಕೇಳಿ ಅದೇ 11ರಲ್ಲಿ 8ನ್ನು ಸ್ವಾಪ್‌ಗೆ ಕೊಟ್ಟರೆ ಮೇಲ್‌ಗೆ ಉಳಿಯುವುದು 3.

ಮಾಡುವ ಕ್ರಮ: ‘ಡಿಡಿ’ಯಿಂದ 2 ಜಿಬಿಯ ಒಂದು ಫೈಲ್, ಅದಕ್ಕೆ ‘ಸಿಎಚ್‌ಮಾಡ್ 600’, ಆಮೇಲೆ ‘ಎಂಕೆಸ್ವಾಪ್’, ‘ಸ್ವಾಪ್‌ಆನ್’, ಕೊನೆಗೆ ‘ಎಫ್‌ಎಸ್‌ಟ್ಯಾಬ್’ನಲ್ಲಿ ಒಂದು ಸಾಲು. 600 ಮರೆಯಬೇಡಿ. ಸ್ವಾಪ್‌ನಲ್ಲಿ ಜನರ ಪಾಸ್‌ವರ್ಡ್, ಪತ್ರದ ತುಣುಕುಗಳು ಇರಬಹುದು, ರೂಟ್ ಬಿಟ್ಟು ಬೇರೆಯವರು ಓದುವಂತಾಗಬಾರದು.

ಕ್ಲಾಮ್‌ಡಿಯನ್ನು ಕೊಲ್ಲಲೇಬೇಡ ಎಂದು ಕರ್ನಲ್‌ಗೆ ಹೇಳುವ ದಾರಿಯೂ ಇದೆ. ಹಾಗೆ ಮಾಡಬೇಡಿ. ಅದನ್ನು ಬಿಟ್ಟು ಡವ್‌ಕಾಟನ್ನೋ ಡೇಟಾಬೇಸನ್ನೋ ಕೊಲ್ಲುತ್ತದೆ. ಕೈಯಲ್ಲಿ ಸ್ವಲ್ಪ ಹಣ ಆದಾಗ ಸರ್ವರನ್ನು 4 ಜಿಬಿಗೆ ಏರಿಸಿ. ನಿಜವಾದ ಪರಿಹಾರ ಅದೇ.

ಪ್ರಶ್ನೆ: ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಎಂದು ಬರುತ್ತಿದೆ, ಆದರೆ ಡಿಎಫ್ ನೋಡಿದರೆ 100 ಜಿಬಿಯಲ್ಲಿ 41 ಖಾಲಿ ಇದೆ. ಡಿಸ್ಕ್ ಕೆಟ್ಟಿದೆಯೇ?
— ಶಾಲಾ ಕಂಪ್ಯೂಟರ್ ಶಿಕ್ಷಕಿ, ಮಂಗಳೂರು

ಉತ್ತರ: ಕೆಟ್ಟಿಲ್ಲ. ‘ಡಿಎಫ್ ಹೈಫನ್ ಐ’ ಕೊಡಿ. ಇನೋಡ್, ಅಂದರೆ ಫೈಲಿನ ವಿವರ ಬರೆದಿಡುವ ಜಾಗ, ಮುಗಿದಿದೆ. ಒಂದು ಫೈಲ್‌ಗೆ ಒಂದು ಇನೋಡ್ ಬೇಕು. ಇಎಕ್ಸ್‌ಟಿ4 ಮಾಡುವಾಗಲೇ 16,384 ಬೈಟ್‌ಗೆ ಒಂದರಂತೆ ಎಣಿಸಿ ಇಟ್ಟಿರುತ್ತದೆ. 100 ಜಿಬಿಗೆ 65,53,600 ಬರುತ್ತವೆ. ಮೇಲ್‌ಡಿರ್ ಪದ್ಧತಿಯಲ್ಲಿ ಒಂದೊಂದು ಮೇಲೂ ಒಂದೊಂದು ಫೈಲ್. ಸಣ್ಣ ಸಣ್ಣ ಮೇಲ್‌ಗಳೇ ಹೆಚ್ಚಿದ್ದರೆ ಜಾಗಕ್ಕಿಂತ ಮೊದಲು ಇನೋಡ್ ಖರ್ಚಾಗುತ್ತದೆ.

‘ಡಿಯು ಹೈಫನ್ ಹೈಫನ್ ಇನೋಡ್ಸ್’ನಿಂದ ಯಾವ ಫೋಲ್ಡರ್ ಎಂದು ಹುಡುಕಿ. ನನ್ನ ಅನುಭವದಲ್ಲಿ ಹತ್ತರಲ್ಲಿ ಏಳು ಸಲ ಅದು ಮಕ್ಕಳ, ಶಿಕ್ಷಕರ ಮೇಲ್ ಆಗಿರುವುದಿಲ್ಲ. ಅಮಾವಿಸ್ ಹಿಡಿದಿಟ್ಟ ಸ್ಪ್ಯಾಮ್‌ನ ‘ವೈರಸ್‌ಮೇಲ್ಸ್’ ಫೋಲ್ಡರ್ ಆಗಿರುತ್ತದೆ. ನೀವಾಗಿ ಏರ್ಪಾಡು ಮಾಡದಿದ್ದರೆ ಅದು ವರ್ಷಗಟ್ಟಲೆ ಬೆಳೆಯುತ್ತದೆ. 30 ದಿನ ದಾಟಿದವನ್ನು ‘ಫೈಂಡ್’ ಕಮಾಂಡ್‌ನಿಂದ ತೆಗೆಯಿರಿ. ‘ಆರ್‌ಎಂ ನಕ್ಷತ್ರ’ ಕೊಟ್ಟರೆ ಅಷ್ಟೊಂದು ಹೆಸರು ಹಿಡಿಸದೆ ನಿರಾಕರಿಸುತ್ತದೆ. ಫೈಲ್‌ಸಿಸ್ಟಂ ಹಿಗ್ಗಿಸದೆ ಇನೋಡ್ ಹೆಚ್ಚಿಸಲಾಗದು. ಮುಂದೆ ಹೊಸ ಡಿಸ್ಕ್ ಹಾಕುವಾಗ ಎಕ್ಸ್‌ಎಫ್‌ಎಸ್ ಯೋಚಿಸಿ. ಅದು ಬೇಕಾದ ಹಾಗೆ ಇನೋಡ್ ಮಾಡಿಕೊಳ್ಳುತ್ತದೆ, ಆದರೆ ಒಮ್ಮೆ ಹಿಗ್ಗಿಸಿದರೆ ಕುಗ್ಗಿಸಲು ಬರುವುದಿಲ್ಲ.

ಪ್ರಶ್ನೆ: ರ‍್ಯಾಮ್‌ನ ಎರಡು ಪಟ್ಟು ಸ್ವಾಪ್ ಇರಬೇಕು ಎಂದು ನಮ್ಮ ಪುಸ್ತಕದಲ್ಲಿದೆ. ನಮ್ಮ ಕಾಲೇಜಿನ ಮೇಲ್ ಸರ್ವರ್‌ಗೆ 16 ಜಿಬಿ ರ‍್ಯಾಮ್, ಸ್ವಾಪ್ 2 ಜಿಬಿ ಮಾತ್ರ. ‘ಫ್ರೀ’ಯಲ್ಲಿ ಖಾಲಿ ಮೆಮೊರಿ 300 ಎಂಬಿ ಅಷ್ಟೇ ತೋರಿಸುತ್ತದೆ. ಅಪಾಯವೇ? ವರ್ಚುವಲ್ ಮೆಮೊರಿ ಎಂದರೆ ಸ್ವಾಪ್ ತಾನೇ?
— ಬಿಸಿಎ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಎರಡೂ ಒಂದೇ ಅಲ್ಲ. ಪ್ರತಿ ಪ್ರೋಗ್ರಾಂಗೂ ತನ್ನದೇ ಒಂದು ವಿಳಾಸಗಳ ಲೋಕವಿದೆ, ಅದು ವರ್ಚುವಲ್ ಮೆಮೊರಿ. ಆ ವಿಳಾಸದಲ್ಲಿ ಇರುವುದು ರ‍್ಯಾಮ್‌ನಲ್ಲಿರಬಹುದು, ಡಿಸ್ಕ್‌ನ ಯಾವುದೋ ಫೈಲಿನಲ್ಲಿರಬಹುದು, ಸ್ವಾಪ್‌ನಲ್ಲಿರಬಹುದು, ಇನ್ನೂ ಎಲ್ಲಿಯೂ ಇಲ್ಲದಿರಬಹುದು. 1962ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಅಟ್ಲಾಸ್ ಕಂಪ್ಯೂಟರ್ ಇದನ್ನು ಮಾಡಿ ತೋರಿಸಿತು. ಅದರ ಕೋರ್ ಮೆಮೊರಿ 16 ಸಾವಿರ ಪದಗಳಷ್ಟು, ಜೊತೆಗೆ ತಿರುಗುವ ಕಾಂತೀಯ ಡ್ರಮ್ 96 ಸಾವಿರ ಪದಗಳಷ್ಟು. ಪ್ರೋಗ್ರಾಂ ಬರೆಯುವವರಿಗೆ ಎರಡೂ ಸೇರಿ ಒಂದೇ ಮೆಮೊರಿಯಾಗಿ ಕಾಣುತ್ತಿತ್ತು. ಅರವತ್ತು ವರ್ಷ ದಾಟಿದ ಆ ಯೋಚನೆ ಇವತ್ತಿಗೂ ನಿಮ್ಮ ಸರ್ವರ್‌ನಲ್ಲಿ ಹಾಗೇ ನಡೆಯುತ್ತಿದೆ ಎಂಬುದು ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ. ಆದ್ದರಿಂದ ‘ಟಾಪ್’ನಲ್ಲಿ ‘ವರ್ಟ್’ ಎಂಬ ದೊಡ್ಡ ಅಂಕಿ ನೋಡಿ ಹೆದರಬೇಡಿ. ನೋಡಬೇಕಾದ್ದು ‘ರೆಸ್’, ನಿಜವಾಗಿ ರ‍್ಯಾಮ್‌ನಲ್ಲಿರುವುದು.

ಎರಡು ಪಟ್ಟಿನ ನಿಯಮ ರ‍್ಯಾಮ್ ಎಂಬಿಗಳಲ್ಲಿ ಇದ್ದ ಕಾಲದ್ದು. 16 ಜಿಬಿ ಮೇಲ್ ಸರ್ವರ್ 32 ಜಿಬಿ ಸ್ವಾಪ್ ಬಳಸುವ ಸ್ಥಿತಿಗೆ ಬಂದರೆ ಯಾರೂ ಲಾಗಿನ್ ಆಗಲೂ ಆಗದು. 2 ಸರಿಯಾಗಿದೆ.

‘ಫ್ರೀ’ ಕಾಲಂ ಬಿಟ್ಟು ಕೊನೆಯ ‘ಅವೈಲಬಲ್’ ಓದಿ. ಲಿನಕ್ಸ್ ಖಾಲಿ ಮೆಮೊರಿಯನ್ನು ಸುಮ್ಮನೆ ಬಿಡದೆ, ಓದಿದ ಫೈಲ್‌ಗಳನ್ನು ಅದರಲ್ಲಿ ಇಟ್ಟುಕೊಂಡಿರುತ್ತದೆ. ಡವ್‌ಕಾಟ್‌ನ ಇಂಡೆಕ್ಸ್ ಫೈಲ್‌ಗಳು ಹಾಗೆ ಕೂತಿರುವುದರಿಂದಲೇ ಇನ್‌ಬಾಕ್ಸ್ ಥಟ್ಟನೆ ತೆರೆಯುತ್ತದೆ. ಬೇಕೆಂದಾಗ ಆ ಜಾಗ ಬಿಟ್ಟುಕೊಡುತ್ತದೆ. ಸ್ವಾಪ್‌ನಲ್ಲಿ 400 ಎಂಬಿ ಹೋಗಿ ಕೂತಿದ್ದರೂ ತಲೆ ಕೆಡಿಸಿಕೊಳ್ಳಬೇಡಿ, ವಾರಗಟ್ಟಲೆ ಯಾರೂ ಮುಟ್ಟದ್ದು ಅದು. ‘ವಿಎಂಸ್ಟ್ಯಾಟ್ 5’ ಕೊಟ್ಟು ‘ಎಸ್‌ಐ’, ‘ಎಸ್‌ಒ’ ಎಂಬ ಎರಡು ಕಾಲಂಗಳನ್ನು ಹತ್ತು ನಿಮಿಷ ನೋಡಿ. ಅಲ್ಲಿ ಸೊನ್ನೆಗಳೇ ಇದ್ದರೆ ನೆಮ್ಮದಿ. ಎರಡರಲ್ಲೂ ಬಿಡದೆ ಸಾವಿರಗಳಲ್ಲಿ ಬರುತ್ತಿದ್ದರೆ ಯಂತ್ರ ಕೆಲಸ ಬಿಟ್ಟು ಸಾಮಾನು ಸಾಗಿಸುವುದರಲ್ಲೇ ಇದೆ ಎಂದು ಅರ್ಥ.

ಪ್ರಶ್ನೆ: ಒಂದೇ ರಾತ್ರಿಯಲ್ಲಿ ಕ್ಯೂನಲ್ಲಿ 90 ಸಾವಿರ ಮೇಲ್. ಡಿಸ್ಕ್ ತುಂಬುತ್ತಿದೆ. ಸ್ಪೂಲ್ (ಕ್ಯೂ ಇರುವ ಫೋಲ್ಡರ್) ಒಳಗಿನ ಫೈಲ್‌ಗಳನ್ನೆಲ್ಲ ಆರ್‌ಎಂ ಮಾಡಬಹುದೇ (ಅಳಿಸಬಹುದೇ)?
— ಸಾರಿಗೆ ಕಚೇರಿಯೊಂದರ ಸಹಾಯಕ, ಬಳ್ಳಾರಿ

ಉತ್ತರ: ಬೇಡ. ಆ ರಾಶಿಯಲ್ಲಿ ನಿಮ್ಮವರ ನಿಜವಾದ ಪತ್ರಗಳೂ ಇವೆ. ಮೊದಲು ‘ಪೋಸ್ಟ್‌ಸೂಪರ್ ಹೈಫನ್ ಸಣ್ಣ ಎಚ್ ಆಲ್’ ಕೊಟ್ಟು ಇರುವುದನ್ನೆಲ್ಲ ‘ಹೋಲ್ಡ್’ಗೆ ಹಾಕಿ. ಅದರಲ್ಲಿ ಏನೂ ಹೊರಗೆ ಹೋಗದು, ಏನೂ ಕಳೆಯದು, ನಿಮಗೆ ಉಸಿರಾಡಲು ಹೊತ್ತು ಸಿಗುತ್ತದೆ. ಆಮೇಲೆ ಲಾಗಿನಲ್ಲಿ ‘ಎಸ್‌ಎಎಸ್‌ಎಲ್ ಯೂಸರ್‌ನೇಮ್’ (ಮೇಲ್ ಕಳಿಸಲು ಲಾಗಿನ್ ಆದವರ ಹೆಸರು) ಹುಡುಕಿ ಎಣಿಸಿ. ಒಬ್ಬರದೇ ಹೆಸರು ಸಾವಿರಾರು ಸಲ ಬರುತ್ತದೆ, ಅವರ ಪಾಸ್‌ವರ್ಡ್ ಕದ್ದು ಹೋಗಿದೆ. ಪಾಸ್‌ವರ್ಡ್ ಬದಲಾಯಿಸುವುದರ ಜೊತೆಗೆ ಡವ್‌ಕಾಟ್, ಪೋಸ್ಟ್‌ಫಿಕ್ಸ್ ಎರಡನ್ನೂ ರೀಸ್ಟಾರ್ಟ್ ಮಾಡಿ, ಇಲ್ಲದಿದ್ದರೆ ಈಗಾಗಲೇ ಒಳಗಿರುವ ಕಳ್ಳ ಒಳಗೇ ಇರುತ್ತಾನೆ. ಆ ಹೆಸರಿನಿಂದ ಬಂದ ಮೇಲ್‌ಗಳ ಕ್ಯೂ ಸಂಖ್ಯೆಗಳನ್ನು ಮಾತ್ರ ‘ಪೋಸ್ಟ್‌ಸೂಪರ್ ಹೈಫನ್ ಡಿ’ಗೆ ಕೊಟ್ಟು ತೆಗೆಯಿರಿ. ಉಳಿದವನ್ನು ‘ಹೈಫನ್ ದೊಡ್ಡ ಎಚ್’ ಕೊಟ್ಟು ಬಿಡುಗಡೆ ಮಾಡಿ. ಖಾತೆಯವರನ್ನು ಬೈಯಬೇಡಿ. ಬೈದರೆ ಮುಂದಿನ ಸಲ ಅನುಮಾನ ಬಂದಾಗ ನಿಮ್ಮ ಬಳಿ ಹೇಳಲು ಬರುವುದಿಲ್ಲ.

ಪ್ರಶ್ನೆ: ನಮ್ಮ ಸಂಸ್ಥೆಯ ಕಾರ್ಯದರ್ಶಿಗಳ ಮೇಲ್‌ಬಾಕ್ಸ್ ಒಂದೇ 61 ಜಿಬಿ. ಹಿರಿಯರು, ನಮ್ಮ ಮೇಲೆ ಪ್ರೀತಿಯುಳ್ಳವರು. ‘ಒಂದೂ ಅಳಿಸಬೇಡಪ್ಪಾ’ ಅನ್ನುತ್ತಾರೆ. ಕೋಟಾ (ಗಾತ್ರದ ಮಿತಿ) ಹಾಕಿದರೆ ನೊಂದುಕೊಳ್ಳುತ್ತಾರೆ. ಏನು ಮಾಡಲಿ?
— ಸಿಸ್ಟಂ ಅಡ್ಮಿನ್, ತುಮಕೂರು

ಉತ್ತರ: ಅವರು ಹೇಳುವುದರಲ್ಲಿ ತಪ್ಪಿಲ್ಲ. ಅವರ ಪಾಲಿಗೆ ಅದು ಸಂಸ್ಥೆಯ ಚರಿತ್ರೆ. ಮೇಲೆ ಬರೆದ ಸೂಪರಿಂಟೆಂಡೆಂಟರು ಒಂದು ಮಾತೂ ಬೈಯದೆ ಸುಮ್ಮನಿದ್ದ ಆ ಹೊತ್ತು ನನಗೆ ನೆನಪಿದೆ, ಆದ್ದರಿಂದ ನಿಮಗೆ ಅಳಿಸು ಎಂದು ನಾನು ಹೇಳುವುದಿಲ್ಲ.

ಒಂದು ಮಧ್ಯಾಹ್ನ ಅವರ ಪಕ್ಕ ಕುರ್ಚಿ ಹಾಕಿಕೊಂಡು ಕೂತು, ಮೇಲ್‌ಗಳನ್ನು ಗಾತ್ರದ ಪ್ರಕಾರ ಜೋಡಿಸಿ ತೋರಿಸಿ. ಒಂದೇ ಆಹ್ವಾನ ಪತ್ರಿಕೆಯ ಪಿಡಿಎಫ್ ಇಪ್ಪತ್ತು ಜನರಿಗೆ ಬೇರೆ ಬೇರೆಯಾಗಿ ಹೋಗಿ, ಇಪ್ಪತ್ತು ಪ್ರತಿ ‘ಸೆಂಟ್’ನಲ್ಲಿ ಕೂತಿರುವುದು ಕಣ್ಣಿಗೆ ಬಿದ್ದರೆ ಅವರೇ ‘ಇದು ಬೇಡ’ ಅನ್ನುತ್ತಾರೆ. ಮೇಲ್‌ನಲ್ಲಿ ಹೋಗುವಾಗ ಅಟ್ಯಾಚ್‌ಮೆಂಟ್ ಬೇಸ್64 ಆಗಿ ಮೂರು ಬೈಟ್‌ಗೆ ನಾಲ್ಕಾಗುತ್ತದೆ. 7 ಎಂಬಿಯ ಫೈಲ್ ಡಿಸ್ಕ್‌ನಲ್ಲಿ 9 ಎಂಬಿ ದಾಟುತ್ತದೆ. ಡವ್‌ಕಾಟ್‌ನ ಝೀಲಿಬ್ ಪ್ಲಗಿನ್ (2.4ರಿಂದ ಅದರ ಹೆಸರು ‘ಮೇಲ್ ಕಂಪ್ರೆಸ್’) ಹಾಕಿದರೆ ಮುಂದೆ ಬರುವ ಮೇಲ್‌ಗಳನ್ನು ಒತ್ತಿ ಇಡುತ್ತದೆ, ಈ ಹೆಚ್ಚುವರಿಯ ಬಹುಭಾಗ ವಾಪಸ್ ಸಿಗುತ್ತದೆ. ಒಂದಕ್ಷರವೂ ಕಳೆಯುವುದಿಲ್ಲ.

ಅವರ ಮನೆಯ ಕಂಪ್ಯೂಟರ್, ಕಚೇರಿಯದು ಎರಡೂ ಪಾಪ್ ಪದ್ಧತಿಯಲ್ಲಿ (ಮೇಲನ್ನು ತನ್ನಲ್ಲಿಗೆ ಇಳಿಸಿಕೊಳ್ಳುವುದು) ‘ಸರ್ವರ್‌ನಲ್ಲಿ ಒಂದು ಪ್ರತಿ ಉಳಿಸು’ ಎಂದಿದೆಯೇ ನೋಡಿ. ಅಲ್ಲಿ ಅವರು ಅಳಿಸಿದರೂ ಇಲ್ಲಿ ಹಾಗೇ ಉಳಿಯುತ್ತದೆ. ಮೇಲ್ ಸರ್ವರ್‌ನಲ್ಲೇ ಇದ್ದು ಎಲ್ಲ ಕಡೆ ಒಂದೇ ಆಗಿ ಕಾಣುವ ಐಮ್ಯಾಪ್‌ಗೆ ಬದಲಾಯಿಸಿ. ಟ್ರ್ಯಾಶ್ ಮತ್ತು ಜಂಕ್ ಫೋಲ್ಡರ್‌ಗಳಿಗೆ ‘ಆಟೋಎಕ್ಸ್‌ಪಂಜ್’ (ಹಳೆಯದನ್ನು ತಾನಾಗಿ ಅಳಿಸುವುದು) 30 ದಿನ ಹಾಕಿ, ಹಾಕುವ ಮೊದಲು ಅವರಿಗೆ ಹೇಳಿ. ಬೇಕಾದ ಪತ್ರವನ್ನು ಟ್ರ್ಯಾಶ್‌ನಲ್ಲೇ ಜೋಪಾನವಾಗಿ ಇಟ್ಟುಕೊಳ್ಳುವ ಹಿರಿಯರು ನನಗೆ ಮೂರು ಜನ ಗೊತ್ತು.

ಐದು ವರ್ಷಕ್ಕಿಂತ ಹಳೆಯದನ್ನು ಇನ್ನೊಂದು ಅಗ್ಗದ, ನಿಧಾನದ ಡಿಸ್ಕ್‌ಗೆ ಸಾಗಿಸಿ. ಡವ್‌ಕಾಟ್‌ನಲ್ಲಿ ‘ಸಂಗ್ರಹ’ ಎಂದು ಬೇರೆ ನೇಮ್‌ಸ್ಪೇಸ್ ಮಾಡಿ, ಅದರ ಜಾಗವನ್ನು ಆ ಡಿಸ್ಕ್‌ಗೆ ತೋರಿಸಿದರೆ ಅವರ ಇನ್‌ಬಾಕ್ಸ್ ಕೆಳಗೆ ಇನ್ನೊಂದು ಫೋಲ್ಡರ್ ಆಗಿ ಕಾಣುತ್ತದೆ. ಸಾಗಿಸಲು ‘ಡವ್‌ಅಡ್ಮ್ ಮೂವ್’ ಇದೆ. ಮೊದಲು ಒಂದು ತಿಂಗಳ ಮೇಲ್ ಸಾಗಿಸಿ, ಎಣಿಕೆ ತಾಳೆ ನೋಡಿ, ಬ್ಯಾಕಪ್‌ನಲ್ಲಿ ಆ ಹೊಸ ಡಿಸ್ಕ್ ಸೇರಿದೆ ಎಂದು ಖಾತ್ರಿ ಮಾಡಿಕೊಂಡು ಮುಂದುವರಿಯಿರಿ.

ಇಷ್ಟಾದ ಮೇಲೆ ಕೋಟಾ ಹಾಕಿ, ಅವರಿಗೂ ಉಳಿದವರಿಗೂ. ಹಾಕುವಾಗ ‘ಕೋಟಾ ಫುಲ್ ಟೆಂಪ್‌ಫೇಲ್’ ಎಂಬುದನ್ನು ‘ಯೆಸ್’ ಮಾಡಿ. ಅದಿಲ್ಲದಿದ್ದರೆ ಕೋಟಾ ತುಂಬಿದ ಕ್ಷಣವೇ ಐದರಿಂದ ಶುರುವಾಗುವ ಉತ್ತರ ಹೋಗಿ ಪತ್ರ ಕಳಿಸಿದವರಿಗೆ ವಾಪಸಾಗುತ್ತದೆ. ‘ಯೆಸ್’ ಇದ್ದರೆ ನಿಮ್ಮ ಪೋಸ್ಟ್‌ಫಿಕ್ಸ್ ಅದನ್ನು ಕ್ಯೂನಲ್ಲಿ ಐದು ದಿನ ಹಿಡಿದಿಟ್ಟುಕೊಳ್ಳುತ್ತದೆ. ನೂರಕ್ಕೆ ತೊಂಬತ್ತು ತುಂಬಿದಾಗ ಎಚ್ಚರಿಕೆಯ ಮೇಲ್ ಕನ್ನಡದಲ್ಲಿ, ನಿಮ್ಮ ಹೆಸರು ಮತ್ತು ಫೋನ್ ನಂಬರಿನ ಜೊತೆ ಅವರಿಗೆ ಹೋಗುವಂತೆ ಮಾಡಿ. ಇಂಗ್ಲಿಷಿನ ಸಿದ್ಧ ಸಂದೇಶವನ್ನು ಅವರು ಸ್ಪ್ಯಾಮ್ ಎಂದುಕೊಂಡು ಬಿಡುತ್ತಾರೆ.